ಎಂಜಿನ್ ಬದಲಾದ ಹಳೆಯ ಕಾರುಗಳ ಇತಿಹಾಸ

ಈ ಸಲದ ಬರಹದ ವಿಷಯವನ್ನು ಕಂಡು ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗೆ ಅಚ್ಚರಿಯಾಗಬಹುದು. ಶಾಸನ, ಕೋಟೆ, ಕಾಲುವೆಗಳ ಚರಿತ್ರೆಯನ್ನು ಹೇಳುತ್ತಿದ್ದ ಮೇಷ್ಟ್ರಿಗೆ ಮೋಟಾರುಗಾಡಿಗಳ ಗೊಡವೆ ಏಕೆ ಬಂತೆಂದು ಮನೆಯವರೂ ಕೇಳಿದ್ದಾರೆ. ಕಾರಣವಿಷ್ಟೆ. ಬಳ್ಳಾರಿಯಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಯೊಬ್ಬ, ತಂದೆಯವರು ಬಿಟ್ಟುಹೋದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರಿಗೆ ಮಾರುತಿ ಜಿಪ್ಸಿಯ ಎಂಜಿನ್ ಕೂರಿಸಲು ಯೋಚಿಸಿದ್ದಾನೆ. "ಸಾರ್, ನಮ್ಮ ಸಿರುಗುಪ್ಪದಲ್ಲಿ ಆಗೆಲ್ಲ ಎಂಜಿನ್ ಬದಲಿಸದ ಗಾಡಿಯೇ ಇರಲಿಲ್ಲವಲ್ಲ, ಈಗ ನಾನು ಬದಲಿಸಿದರೆ ತಪ್ಪೇನು?" ಎಂಬುದು ಅವನ ಪ್ರಶ್ನೆ. ಎಂಜಿನ್ನಿನ ಬಗ್ಗೆ ಕೇಳಿದಂತೆ ತೋರಿದರೂ ಇದು ಚರಿತ್ರೆಯ ಪ್ರಶ್ನೆಯೇ ಆಗಿದೆ. ಆಗ ಏಕೆ ಬದಲಿಸುತ್ತಿದ್ದರು, ಅದರಿಂದ ಗಾಡಿಗಳಿಗೆ ಏನಾಯಿತು ಎಂಬುದನ್ನು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು.

ಮೊದಲು ಕಾಲವನ್ನು ನೆನೆಯೋಣ. 1953ರ ಅಕ್ಟೋಬರ್ 1ರಂದು ನಮ್ಮ ಬಳ್ಳಾರಿ ಸೀಮೆ ಮದ್ರಾಸ್ ರಾಜ್ಯದಿಂದ ಬಿಡುಗಡೆಗೊಂಡು ಮೈಸೂರು ರಾಜ್ಯವನ್ನು ಸೇರಿತು. ತುಂಗಭದ್ರಾ ಅಣೆಕಟ್ಟಿನ ನೀರು ಹರಿಯತೊಡಗಿದ್ದೂ ಅದೇ ವರ್ಷ. ದೇಶದ ಮೋಟಾರು ಉದ್ಯಮದಲ್ಲಿಯೂ ಅದೇ ಹೊತ್ತಿಗೆ ದೊಡ್ಡ ಪಲ್ಲಟವೊಂದು ನಡೆಯಿತು. ಬಿಡಿಭಾಗಗಳನ್ನು ಹೊರದೇಶದಿಂದ ತರಿಸಿ ಇಲ್ಲಿ ಜೋಡಿಸಿ ಮಾರುವುದು ಸಾಲದು, ಇಲ್ಲಿಯೇ ತಯಾರಿಸಬೇಕು ಎಂಬ ನೀತಿಯನ್ನು ಸರಕಾರ ಗಟ್ಟಿಗೊಳಿಸಿದಾಗ ಜನರಲ್ ಮೋಟಾರ್ಸ್ ಮತ್ತು ಫೋರ್ಡ್ ಕಂಪನಿಗಳು ಇಲ್ಲಿನ ಕಾರ್ಖಾನೆಗಳನ್ನು ಮುಚ್ಚಿ ಹೊರಟುಹೋದವು. ಕಾರು ತಯಾರಿಸಲು ಉಳಿದವರಲ್ಲಿ ಮುಖ್ಯರಾದವರು ಕಲಕತ್ತೆಯ ಹಿಂದೂಸ್ಥಾನ್ ಮೋಟಾರ್ಸ್, ಬೊಂಬಾಯಿಯ ಪ್ರೀಮಿಯರ್, ಮದ್ರಾಸಿನ ಸ್ಟ್ಯಾಂಡರ್ಡ್ ಎಂಬ ಮೂವರು.

ಇದರ ಪರಿಣಾಮ ಹೊಸ ಕಾರು ಕೊಳ್ಳುವವರಿಗಿಂತ ಹಳೆಯ ಕಾರು ಇಟ್ಟುಕೊಂಡವರ ಮೇಲೆ ಹೆಚ್ಚಾಯಿತು. ಬ್ರಿಟಿಷರ ಕಾಲದಲ್ಲಿ ಬಂದಿದ್ದ ಷೆವರ್ಲೆ, ಡಾಡ್ಜ್, ಪ್ಲಿಮತ್, ಬ್ಯೂಕ್ ಗಾಡಿಗಳಿಗೂ, ಸೈನ್ಯಾಧಿಕಾರಿಗಳು ಮತ್ತು ಕಾಫಿ ತೋಟದ ದೊರೆಗಳು ಬಿಟ್ಟುಹೋದ ಎಂ.ಜಿ. ಮುಂತಾದ ಚಿಕ್ಕ ಸ್ಪೋರ್ಟ್ಸ್ ಕಾರುಗಳಿಗೂ ಪಿಸ್ಟನ್ ರಿಂಗು, ಬೇರಿಂಗು, ಗ್ಯಾಸ್ಕೆಟ್ಟು ಸಿಗದಂತಾಯಿತು. ಎಂಜಿನ್ ಸವೆದರೆ ಗಾಡಿಯನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಬೇಕು, ಇಲ್ಲವೆ ಬೇರೊಂದು ಎಂಜಿನ್ ಹುಡುಕಬೇಕು. 1973ರ ತೈಲ ಬಿಕ್ಕಟ್ಟಿನ ತರುವಾಯ ಪೆಟ್ರೋಲಿನ ಬೆಲೆ ಏರಿದ್ದರಿಂದ ಎಂಜಿನ್ ಚೆನ್ನಾಗಿದ್ದ ಗಾಡಿಗಳವರೂ ಡೀಸೆಲ್ಲಿನತ್ತ ಹೊರಳಿದರು. ಮದ್ರಾಸಿನ ಸಿಂಪ್ಸನ್ ಕಂಪನಿ ತಯಾರಿಸುತ್ತಿದ್ದ ಪರ್ಕಿನ್ಸ್ ಎಂಜಿನ್ನುಗಳು ಹಳೆಯ ಅಮೆರಿಕನ್ ಕಾರುಗಳ ಒಡಲನ್ನು ಸೇರಿದವು. ಜೀಪುಗಳಿಗೆ ಮ್ಯಾಟಡೋರ್ ವ್ಯಾನಿನ ಎಂಜಿನ್ನು ಬಂತು. ಮಹೀಂದ್ರಾ ಕಂಪನಿಯವರೇ 1979ರಲ್ಲಿ ಫ್ರಾನ್ಸಿನ ಪೂಜೋ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡು ಜೀಪುಗಳಿಗೆ ಡೀಸೆಲ್ ಎಂಜಿನ್ ತಂದರು. 1980ರ ಸುಮಾರಿಗೆ ಅಂಬಾಸಡರ್ ಕಾರೇ ಡೀಸೆಲ್ ಎಂಜಿನ್ನಿನೊಂದಿಗೆ ಕಾರ್ಖಾನೆಯಿಂದ ಹೊರಬಂದಿತು.

ಸಿರುಗುಪ್ಪದಲ್ಲಿ ಈ ಬದಲಾವಣೆಗೆ ಇನ್ನೊಂದು ಕಾರಣವಿತ್ತು. ಕಾಲುವೆಯ ನೀರಿನಿಂದ ಭತ್ತ ಬಂತು, ಭತ್ತದಿಂದ ಅಕ್ಕಿ ಗಿರಣಿ ಬಂತು, ಗಿರಣಿ ಮತ್ತು ಪಂಪುಸೆಟ್ಟುಗಳಿಂದ ಡೀಸೆಲ್ ಎಂಜಿನ್ ರಿಪೇರಿ ಬಲ್ಲ ಮೇಸ್ತ್ರಿಗಳು ಬಂದರು. ಲೇತ್ ಯಂತ್ರದ ಅಂಗಡಿ, ವೆಲ್ಡಿಂಗ್ ಅಂಗಡಿ, ಪಕ್ಕದಲ್ಲಿ ಗುಜರಿ ಅಂಗಡಿ, ಇವಿಷ್ಟು ಇದ್ದರೆ ಎಂಜಿನ್ ಬದಲಿಸುವ ಕಾರ್ಖಾನೆ ಸಿದ್ಧವಾದಂತೆಯೇ. ಒಂದು ಎಂಜಿನ್ನನ್ನು ಇನ್ನೊಂದು ಗೇರ್‌ಬಾಕ್ಸಿಗೆ ಕೂಡಿಸಲು ದಪ್ಪ ಉಕ್ಕಿನ ತಟ್ಟೆಯನ್ನು ಲೇತಿನಲ್ಲಿ ತಿರುಗಿಸಿ, ತೂತುಗಳನ್ನು ಅಳತೆಗೆ ಕೊರೆದು, ನಡುಗಂಬಿ ಒಂದೇ ರೇಖೆಯಲ್ಲಿ ನಿಲ್ಲುವಂತೆ ಮಾಡುವುದು ಸಾಮಾನ್ಯ ವಿದ್ಯೆಯಲ್ಲ. ನಕ್ಷೆಯಿಲ್ಲದೆ, ಕಣ್ಣಳತೆ ಮತ್ತು ಕ್ಯಾಲಿಪರ್ ಎರಡನ್ನೇ ನಂಬಿ ಅದನ್ನು ಸಾಧಿಸಿದವರಿಗೆ ನನ್ನ ಗೌರವ ಇಂದಿಗೂ ಇದೆ. ಅವರಿಲ್ಲದಿದ್ದರೆ ಆ ಗಾಡಿಗಳಲ್ಲಿ ಅರ್ಧಕ್ಕೂ ಹೆಚ್ಚು ಆಗಲೇ ತೂಕದ ಲೆಕ್ಕದಲ್ಲಿ ಮಾರಾಟವಾಗಿರುತ್ತಿದ್ದವು. ಆದುದರಿಂದ ಆ ಕಾಲದ ಎಂಜಿನ್ ಬದಲಾವಣೆಯನ್ನು ಇಂದಿನ ಸುಖದಲ್ಲಿ ಕುಳಿತು ಹಳಿಯುವುದು ನ್ಯಾಯವಲ್ಲ.

ಆದರೆ ಗಾಡಿ ಬದುಕಿತು ಎಂಬುದು ಎಷ್ಟು ನಿಜವೋ, ಅದು ಅದೇ ಗಾಡಿಯಾಗಿ ಉಳಿಯಲಿಲ್ಲ ಎಂಬುದೂ ಅಷ್ಟೇ ನಿಜ. ಕಾರಣವನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಪೆಟ್ರೋಲ್ ಎಂಜಿನ್ನು ಹಗುರ, ವೇಗವಾಗಿ ತಿರುಗುವಂಥದು. ಹಳೆಯ ಡೀಸೆಲ್ ಎಂಜಿನ್ನು ಭಾರ, ನಿಧಾನವಾಗಿ ತಿರುಗಿ ಹೆಚ್ಚು ಬಲದಿಂದ ಎಳೆಯುವಂಥದು. ಹಿಂದಿನ ಚಕ್ರಗಳ ನಡುವೆ ಇರುವ ಕ್ರೌನ್ ಮತ್ತು ಪಿನಿಯನ್ನಿನ ಹಲ್ಲುಗಳ ಲೆಕ್ಕವನ್ನು ಮೂಲ ಎಂಜಿನ್ನಿನ ವೇಗಕ್ಕೆ ತಕ್ಕಂತೆ ಕಟ್ಟಿರುತ್ತಾರೆ. ಎಂಜಿನ್ನು ಬದಲಾಗಿ ಆ ಹಲ್ಲುಗಳು ಹಾಗೆಯೇ ಉಳಿದರೆ ಗಾಡಿ ಸಾಧಾರಣ ವೇಗದಲ್ಲಿಯೇ ಎಂಜಿನ್ನಿನ ಮಿತಿಯನ್ನು ಮುಟ್ಟಿ ಗೋಳಾಡುತ್ತದೆ. ಮುಂಭಾಗದಲ್ಲಿ ಭಾರ ಹೆಚ್ಚಾದರೆ ಸ್ಪ್ರಿಂಗು ಕುಸಿಯುತ್ತದೆ, ಕಿಂಗ್‌ಪಿನ್ ಬೇಗ ಸವೆಯುತ್ತದೆ, ಸ್ಟಿಯರಿಂಗ್ ತಿರುಗಿಸಲು ಎರಡು ಕೈಯ ಬಲ ಬೇಕಾಗುತ್ತದೆ. ಬ್ರೇಕುಗಳು ಮಾತ್ರ ಹಳೆಯ ತೂಕಕ್ಕೆ ಮಾಡಿದವು. ಬ್ರೇಕಿಗೆ ನೆರವಾಗುವ ನಿರ್ವಾತವು ಪೆಟ್ರೋಲ್ ಎಂಜಿನ್ನಿನ ಗಾಳಿ ಸೇವನೆಯಿಂದ ತಾನಾಗಿಯೇ ದೊರೆಯುತ್ತದೆ. ಡೀಸೆಲ್ಲಿನಲ್ಲಿ ಅದು ಹಾಗೆ ದೊರೆಯುವುದಿಲ್ಲ, ಬೇರೆಯೇ ಪಂಪು ಬೇಕು. ಈ ಪಂಪನ್ನು ಕೂರಿಸದೆ ಬಿಟ್ಟರೆ ಬ್ರೇಕ್ ಪೆಡಲ್ಲು ಕಲ್ಲಿನಂತಾಗುತ್ತದೆ. ಇನ್ನು ಅದುರುವಿಕೆ. ಮಲಗಿದವರನ್ನೂ ಎಬ್ಬಿಸುವ ಆ ಅದುರುವಿಕೆಯಿಂದ ಬಾಡಿಯ ಬೆಸುಗೆಗಳು ಬಿರಿಯುತ್ತವೆ, ಬಾಗಿಲು ಜೋಲುತ್ತದೆ. ಸಿಂಧನೂರಿನ ಕಡೆಗೆ ಅಥವಾ ಆದವಾನಿಯ ಕಡೆಗೆ ಕರಿಮಣ್ಣಿನ ರಸ್ತೆಗಳಲ್ಲಿ ಅಂಥ ಗಾಡಿಗಳಲ್ಲಿ ಪಯಣಿಸಿದ ನಮ್ಮ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಜೀಪಿಗೂ ಟ್ಯಾಕ್ಸಿಗೂ ಇದೆಲ್ಲ ಸಹಿಸಬಹುದಾದ ತೊಂದರೆ. ಅವುಗಳ ಕೆಲಸ ಜನ, ಸಾಮಾನು ಹೊರುವುದು. ಸ್ಪೋರ್ಟ್ಸ್ ಕಾರಿನ ಮಾತೇ ಬೇರೆ. ಅದರ ಗುಣವೆಲ್ಲ ಇರುವುದು ತೂಕದ ಹಂಚಿಕೆಯಲ್ಲಿ. ಎಂಜಿನ್ನು ಎಷ್ಟು ಭಾರ, ಅದು ಮುಂದಿನ ಚಕ್ರದಿಂದ ಎಷ್ಟು ಹಿಂದೆ ಕುಳಿತಿದೆ, ಹಿಂದಿನ ಚಕ್ರಗಳು ತಿರುವಿನಲ್ಲಿ ನೆಲವನ್ನು ಹೇಗೆ ಹಿಡಿಯುತ್ತವೆ ಎಂಬ ಲೆಕ್ಕವೇ ಆ ಕಾರು. ಇದನ್ನು ತಿಳಿಯಲು ಇಂಗ್ಲೆಂಡಿನ ಕೆಲವು ಉದಾಹರಣೆಗಳನ್ನು ನೋಡಬೇಕು. ನಮ್ಮ ಕಾರುಗಳ ತವರು ಅದೇ ಆದ್ದರಿಂದ ಈ ದಾರಿ ನಮಗೆ ದೂರದ್ದಲ್ಲ. ಅಂಬಾಸಡರ್ ಕಾರಿನಲ್ಲಿದ್ದ 1489 ಸಿ.ಸಿ. ಪೆಟ್ರೋಲ್ ಎಂಜಿನ್ನು, 1955ರಲ್ಲಿ ಬಂದ ಎಂ.ಜಿ.ಎ. ಎಂಬ ಸುಂದರ ಸ್ಪೋರ್ಟ್ಸ್ ಕಾರಿನ ಎಂಜಿನ್ನು, ಇವೆರಡೂ ಒಂದೇ ಕುಲದವು. ಮದುವೆ ದಿಬ್ಬಣದ ಅಂಬಾಸಡರಿಗೆ ಅಂಥ ಸೋದರನಿದ್ದನೆಂದರೆ ನಗಬೇಡಿ.

ಆ ಎಂ.ಜಿ.ಎ. ಕಾರಿನ ಉತ್ತರಾಧಿಕಾರಿ ಎಂ.ಜಿ.ಬಿ. ಇದಕ್ಕೆ 1967ರಲ್ಲಿ ಕಂಪನಿಯವರೇ 2912 ಸಿ.ಸಿ.ಯ ಆರು ಸಿಲಿಂಡರಿನ ಎಂಜಿನ್ ಕೂರಿಸಿ ಎಂ.ಜಿ.ಸಿ. ಎಂದು ಹೆಸರಿಟ್ಟರು. ಆ ಎಂಜಿನ್ನು ಮೂಲದ್ದಕ್ಕಿಂತ ತೊಂಬತ್ತು ಕಿಲೋಗೂ ಮಿಕ್ಕಿ ಭಾರವಾಗಿತ್ತು. ಅದಕ್ಕೆ ಜಾಗ ಮಾಡಲು ಬಾನೆಟ್ಟಿನ ಮೇಲೆ ಉಬ್ಬು ಬಂತು, ಮುಂದಿನ ಸ್ಪ್ರಿಂಗುಗಳನ್ನು ಕಿತ್ತು ಬೇರೆ ವ್ಯವಸ್ಥೆ ಮಾಡಬೇಕಾಯಿತು. ಶಕ್ತಿ ಹೆಚ್ಚಿತು. ತಿರುವಿಗೆ ಬಂದಾಗ ಮಾತ್ರ ಮೂಗು ಭಾರವಾಗಿ ನೇರಕ್ಕೇ ಹೋಗಬಯಸುತ್ತದೆ ಎಂಬ ಟೀಕೆ ಮೊದಲ ದಿನದಿಂದಲೇ ಬೆನ್ನು ಹತ್ತಿತು. ಸುಮಾರು 9,000 ಗಾಡಿಗಳಾದ ಮೇಲೆ 1969ರಲ್ಲಿ ಅದನ್ನು ನಿಲ್ಲಿಸಿದರು. ನಾಲ್ಕು ವರ್ಷಗಳ ನಂತರ, 1973ರಲ್ಲಿ, ಅದೇ ಎಂ.ಜಿ.ಬಿ.ಗೆ ರೋವರ್ ಕಂಪನಿಯ ಮೂರೂವರೆ ಲೀಟರಿನ, ಎಂಟು ಸಿಲಿಂಡರಿನ ಎಂಜಿನ್ ಕೂಡಿಸಿದಾಗ ಅದು ಒಳ್ಳೆಯ ಕಾರೆನಿಸಿತು. ಏಕೆಂದರೆ ಆ ಎಂಜಿನ್ನು ಅಲ್ಯೂಮಿನಿಯಮ್ಮಿನದು. ಸಿಲಿಂಡರು ಎರಡು ಪಟ್ಟಾದರೂ ಅದರ ತೂಕ ಎರಕದ ಕಬ್ಬಿಣದ ಹಳೆಯ ಎಂಜಿನ್ನಿಗಿಂತ ಹೆಚ್ಚೇನೂ ಇರಲಿಲ್ಲ. ಎಂಜಿನ್ ಬದಲಾವಣೆ ಎಂದೆಂದೂ ಕೆಡುಕೇ ಎಂದು ನಾನು ಹೇಳುವುದಿಲ್ಲ. ಆದರೆ ಹೊಂದಿಕೊಂಡ ಉದಾಹರಣೆಗಳಲ್ಲಿ ಹೊಂದಿಕೆಗೆ ಇಂಥದೊಂದು ಕಾರಣ ಸಿಕ್ಕೇ ಸಿಗುತ್ತದೆ.

ಸನ್‌ಬೀಮ್ ಟೈಗರ್ ಎಂಬ ಇನ್ನೊಂದು ಕಾರು 1964ರಲ್ಲಿ ಬಂತು. ಚಿಕ್ಕ ಆಲ್ಪೈನ್ ಕಾರಿನೊಳಗೆ ಫೋರ್ಡಿನ ಎಂಟು ಸಿಲಿಂಡರಿನ ಅಮೆರಿಕನ್ ಎಂಜಿನ್ನನ್ನು ತುರುಕಿದ್ದರು. ತುರುಕಿದ್ದರು ಎಂಬುದೇ ಸರಿಯಾದ ಶಬ್ದ. ಹಿಂದಿನ ಒಂದು ಸ್ಪಾರ್ಕ್ ಪ್ಲಗ್ಗನ್ನು ಬಿಚ್ಚಬೇಕಾದರೆ ಕಾರಿನ ಒಳಗೆ ಕುಳಿತು, ಎಂಜಿನ್ನಿಗೂ ಆಸನಕ್ಕೂ ನಡುವಿನ ತಗಡಿನಲ್ಲಿ ಕೊರೆದ ತೂತಿನ ರಬ್ಬರ್ ಬಿರಡೆಯನ್ನು ತೆಗೆದು ಕೈ ಹಾಕಬೇಕಾಗಿತ್ತು! ಜಾಗವಿಲ್ಲದ ಕಡೆ ಎಂಜಿನ್ ಬಿಸಿಯಾಗುವುದಂತೂ ಇದ್ದೇ ಇತ್ತು. ವೇಗದಲ್ಲಿ ಅದು ಹುಲಿಯೇ ಸರಿ, ಮೆಕ್ಯಾನಿಕ್ಕಿನ ಪಾಲಿಗೂ ಹುಲಿಯೇ.

ನನ್ನ ವಿದ್ಯಾರ್ಥಿಯ ಹೆರಾಲ್ಡಿಗೆ ಹತ್ತಿರವಾದ ಕಥೆ ಟ್ರಯಂಫ್ ಕಂಪನಿಯದು. ಹೆರಾಲ್ಡ್ ಇಂಗ್ಲೆಂಡಿನಲ್ಲಿ 1959ರಲ್ಲಿ ಬಂತು. ರೂಪ ಕೊಟ್ಟವನು ಇಟಲಿಯ ಮಿಕೆಲೊಟ್ಟಿ. ನಮ್ಮಲ್ಲಿ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ 1961ರಿಂದ 1971ರವರೆಗೆ ಅದನ್ನು ತಯಾರಿಸಿತು. ಮೊದಲು 948 ಸಿ.ಸಿ., ಆಮೇಲೆ 1147 ಸಿ.ಸಿ. ಅದೇ ಹೆರಾಲ್ಡಿನ ಚಾಸಿಯನ್ನು ಮೊಟಕುಗೊಳಿಸಿ 1962ರಲ್ಲಿ ಟ್ರಯಂಫ್‌ನವರು ಸ್ಪಿಟ್‌ಫೈರ್ ಎಂಬ ಎರಡು ಆಸನಗಳ ಸ್ಪೋರ್ಟ್ಸ್ ಕಾರನ್ನು ಮಾಡಿದರು. ಹೀಗಾಗಿ ನಮ್ಮ ಹೆರಾಲ್ಡ್ ಗೃಹಸ್ಥನ ವೇಷದಲ್ಲಿದ್ದರೂ ಸ್ಪೋರ್ಟ್ಸ್ ಕಾರಿನ ವಂಶದ್ದೇ. ಹಿಂದಿನ ಎರಡು ಚಕ್ರಗಳು ಬೇರೆಬೇರೆಯಾಗಿ ಮೇಲೆ ಕೆಳಗೆ ಆಡುವ ಸ್ವಿಂಗ್ ಆಕ್ಸಲ್ ವ್ಯವಸ್ಥೆ ಎರಡರಲ್ಲಿಯೂ ಉಂಟು. ಆ ವ್ಯವಸ್ಥೆ ಸಾಧಾರಣ ವೇಗದಲ್ಲಿ ಸುಖ ಕೊಡುತ್ತದೆ. ತಿರುವಿನಲ್ಲಿ ವೇಗವಾಗಿ ಹೋಗುತ್ತ ಥಟ್ಟನೆ ಆಕ್ಸಿಲರೇಟರ್ ಬಿಟ್ಟರೆ ಮಾತ್ರ ಹೊರಗಿನ ಚಕ್ರ ಒಳಮಡಿಚಿಕೊಂಡು ಹಿಂಭಾಗ ಎಗರಿ ಜಾರುತ್ತದೆ.

ನಲವತ್ತರ ಆಸುಪಾಸಿನ ಅಶ್ವಶಕ್ತಿಯ ಹೆರಾಲ್ಡಿನಲ್ಲಿ ಆ ದೋಷ ಬಹುಮಟ್ಟಿಗೆ ಮಲಗಿಯೇ ಇರುತ್ತಿತ್ತು. 1962ರಲ್ಲಿ ಟ್ರಯಂಫ್‌ನವರು ಅದೇ ದೇಹಕ್ಕೆ ಆರು ಸಿಲಿಂಡರಿನ ಎಂಜಿನ್ ಹಾಕಿ ವಿಟೆಸ್ ಕಾರನ್ನು ಮಾಡಿದಾಗ ಚಾಸಿಯನ್ನು ಬಲಪಡಿಸಿದರು, ಮುಂದಕ್ಕೆ ಡಿಸ್ಕ್ ಬ್ರೇಕ್ ಕೊಟ್ಟರು. 1966ರಲ್ಲಿ ಎರಡು ಲೀಟರಿನ ಎಂಜಿನ್ನನ್ನು ಸ್ಪಿಟ್‌ಫೈರ್ ವಂಶದ ಜಿ.ಟಿ.6 ಕಾರಿಗೆ ಹಾಕಿದಾಗ ಮಲಗಿದ್ದ ದೋಷ ಎದ್ದು ಕುಳಿತಿತು. ಪತ್ರಿಕೆಗಳು ಬಿಡಲಿಲ್ಲ. ಎರಡೇ ವರ್ಷದಲ್ಲಿ, 1968ರಲ್ಲಿ, ಹಿಂದಿನ ಸಸ್ಪೆನ್ಶನ್ನನ್ನೇ ಹೊಸದಾಗಿ ರೂಪಿಸಬೇಕಾಯಿತು. ಆ ಕಾರನ್ನು ಹುಟ್ಟಿಸಿದ ಎಂಜಿನಿಯರುಗಳೇ, ನಕ್ಷೆ, ಪರೀಕ್ಷೆ, ಹಣ ಎಲ್ಲವೂ ಕೈಯಲ್ಲಿದ್ದು, ಇಷ್ಟು ಪಾಡುಪಟ್ಟ ಕೆಲಸವನ್ನು ಒಂದು ತಿಂಗಳಲ್ಲಿ ಗ್ಯಾರೇಜಿನಲ್ಲಿ ಮುಗಿಸಿಕೊಡುತ್ತೇವೆಂದು ಯಾರಾದರೂ ಹೇಳಿದರೆ ಎರಡು ಬಾರಿ ಯೋಚಿಸಬೇಕು. ಅಂದಹಾಗೆ, ಹೆರಾಲ್ಡಿನ ತರುವಾಯ ಸ್ಟ್ಯಾಂಡರ್ಡ್ ಕಂಪನಿ 1972ರಲ್ಲಿ ತಂದ ಗಜೆಲ್ ಕಾರಿನಲ್ಲಿ ಸ್ವಿಂಗ್ ಆಕ್ಸಲ್ಲನ್ನು ಕೈಬಿಟ್ಟು ಗಟ್ಟಿ ಆಕ್ಸಲ್ ಹಾಕಿದರು.

ಅದೇ ಸ್ಟ್ಯಾಂಡರ್ಡ್ ಕಂಪನಿಯ ಅಂತ್ಯದ ಕಥೆಯಲ್ಲಿಯೂ ಎಂಜಿನ್ ಬದಲಾವಣೆಯ ಪಾತ್ರವಿದೆ, ಆದರೆ ತಲೆಕೆಳಗಾಗಿ. 1977ರಲ್ಲಿ ಯುರೋಪಿನ ವರ್ಷದ ಕಾರೆಂಬ ಮನ್ನಣೆ ಪಡೆದ ರೋವರ್ 3500 ಎಂಬ ಬೆಡಗಿನ ಕಾರಿನ ದೇಹವನ್ನು ತಂದು, 1985ರಲ್ಲಿ ಸ್ಟ್ಯಾಂಡರ್ಡ್ 2000 ಎಂದು ಮಾರಾಟಕ್ಕಿಟ್ಟರು. ಒಳಗಿದ್ದದ್ದು ಎಂಟು ಸಿಲಿಂಡರಿನ ಎಂಜಿನ್ನಲ್ಲ, ವ್ಯಾನ್‌ಗಾರ್ಡ್ ಕಾಲದ 1991 ಸಿ.ಸಿ.ಯ ಹಳೆಯ ಎಂಜಿನ್ನು. ಹೊರಗೆ ಪಟ್ಟದ ಕುದುರೆ, ಒಳಗೆ ಜಟಕಾ ಕುದುರೆ. ಬೆಲೆ ದುಬಾರಿ, ಪೆಟ್ರೋಲ್ ಸುಡುವುದೂ ಧಾರಾಳ. ಮೂರ್ನಾಲ್ಕು ವರ್ಷಗಳಲ್ಲಿ ಅದರ ತಯಾರಿಕೆ ನಿಂತಿತು. 1984ರಲ್ಲಿ ಬಂದ ಕಾಂಟೆಸ್ಸಾದಲ್ಲಿಯೂ ಮೊದಲಿಗೆ ಇದೇ ಅವಸ್ಥೆ. ಆ ದೊಡ್ಡ ಮೈಯನ್ನು ಅಂಬಾಸಡರಿನ 1489 ಸಿ.ಸಿ. ಎಂಜಿನ್ನೇ ಎಳೆಯಬೇಕಿತ್ತು. ಜಪಾನಿನ ಇಸುಜು ಎಂಜಿನ್ನು ಐದು ಗೇರುಗಳ ಸಮೇತ ಬಂದ ಮೇಲೆಯೇ ಅದಕ್ಕೆ ಮರ್ಯಾದೆ ದೊರೆತದ್ದು. ಇಲ್ಲಿ ಬದಲಾವಣೆ ಒಳಿತನ್ನೇ ಮಾಡಿತು, ಏಕೆಂದರೆ ಎಂಜಿನ್ನಿನ ಜೊತೆಗೆ ಗೇರ್‌ಬಾಕ್ಸೂ ಬದಲಾಯಿತು.

ಈಗ ವಿದ್ಯಾರ್ಥಿಯ ಜಿಪ್ಸಿ ಎಂಜಿನ್ನಿಗೆ ಬರೋಣ. ಅವನು ಜಿಪ್ಸಿಯನ್ನು ಆರಿಸಿದ್ದರಲ್ಲಿ ಬುದ್ಧಿವಂತಿಕೆ ಇದೆ. ಇಂದಿನ ಬಹುಪಾಲು ಚಿಕ್ಕ ಕಾರುಗಳ ಎಂಜಿನ್ನು ಅಡ್ಡಲಾಗಿ ಕುಳಿತು ಮುಂದಿನ ಚಕ್ರವನ್ನು ತಿರುಗಿಸುವುದರಿಂದ ಹೆರಾಲ್ಡಿಗೆ ಹೊಂದದು. ಜಿಪ್ಸಿಯದು ಉದ್ದಕ್ಕೆ ಕೂರುವಂಥದು. ಆದರೆ ಅದರ ಕೊನೆಯ ಮಾದರಿಯ ಎಂಜಿನ್ನಿಗೆ 80 ಅಶ್ವಶಕ್ತಿ. ಅಂದರೆ ಮೂಲದ ಎರಡರಷ್ಟು. ಹೆರಾಲ್ಡಿನ ಹಿಂದಿನ ಆಕ್ಸಲ್ ದಂಡಗಳು, ಕ್ರೌನ್-ಪಿನಿಯನ್ನು, ಡ್ರಮ್ ಬ್ರೇಕುಗಳು, ಅರವತ್ತು ವರ್ಷ ತುಕ್ಕು ತಿಂದ ಚಾಸಿ, ಇವು ಯಾವುವೂ ಎರಡರಷ್ಟಾಗುವುದಿಲ್ಲ. ಪೆಟ್ರೋಲನ್ನು ಒತ್ತಡದಲ್ಲಿ ಸಿಂಪಡಿಸುವ ಎಂಜಿನ್ನಾದ್ದರಿಂದ ಅದಕ್ಕೆ ಟ್ಯಾಂಕಿನಲ್ಲಿ ವಿದ್ಯುತ್ ಪಂಪು, ಹಿಂದಿರುಗುವ ಕೊಳವೆ, ಸಂವೇದಕಗಳು, ಅವುಗಳನ್ನು ಆಳುವ ಗಣಕಪೆಟ್ಟಿಗೆ, ಅದಕ್ಕೊಂದು ತಂತಿಗಳ ಜಡೆ ಬೇಕು. ಆ ಕಾಲದ ಬಹಳಷ್ಟು ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ತುದಿಯನ್ನು ಚಾಸಿಗೆ ಕಟ್ಟುತ್ತಿದ್ದರು, ಇಂದು ಕಟ್ಟುವುದು ಋಣ ತುದಿಯನ್ನು. ಇದನ್ನು ನೋಡಿಕೊಳ್ಳದೆ ಸಂಪರ್ಕ ಕೊಟ್ಟರೆ ಗಣಕಪೆಟ್ಟಿಗೆ ಮೊದಲ ದಿನವೇ ಸುಟ್ಟೀತು. ಎಲ್ಲವನ್ನೂ ಸರಿಮಾಡಿದರೂ ನಾಳೆ ದಾರಿಯಲ್ಲಿ ನಿಂತರೆ ರಿಪೇರಿ ಮಾಡುವವರು ಯಾರು? ಹೆರಾಲ್ಡಿನ ಪುಸ್ತಕ ನೋಡಿದವನಿಗೆ ಈ ಎಂಜಿನ್ ತಿಳಿಯದು, ಜಿಪ್ಸಿಯ ಪುಸ್ತಕ ನೋಡಿದವನಿಗೆ ಈ ಗಾಡಿ ತಿಳಿಯದು. ಕೂಡಿಸಿದ ಮೇಸ್ತ್ರಿ ಒಬ್ಬನೇ ಬಲ್ಲ. ಸಿರುಗುಪ್ಪದ ಹಳೆಯ ಜೀಪುಗಳಲ್ಲಿ ಎಷ್ಟೋ ಹೀಗೆಯೇ ಅನಾಥವಾದವು. ಮೇಸ್ತ್ರಿ ತೀರಿಕೊಂಡ, ಅವನ ತಲೆಯಲ್ಲಿದ್ದ ನಕ್ಷೆಯೂ ಅವನೊಂದಿಗೇ ಹೋಯಿತು.

ಆ ಜೀಪುಗಳ ಮೂಲ ಎಂಜಿನ್ನುಗಳು ಎಲ್ಲಿ ಹೋದವು? ಗುಜರಿಗೆ. ಚರಿತ್ರೆಯ ವಿದ್ಯಾರ್ಥಿಯಾಗಿ ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಇಲ್ಲಿಯೇ. ಎಂಜಿನ್ನಿನ ಮೈಮೇಲೆ ಕೊರೆದ ಸಂಖ್ಯೆಯೂ ಚಾಸಿಯ ಸಂಖ್ಯೆಯೂ ಆರ್.ಸಿ. ಪುಸ್ತಕದಲ್ಲಿ ಜೊತೆಯಾಗಿ ದಾಖಲಾಗಿರುತ್ತವೆ. ಇದು ಒಂದು ಬಗೆಯ ಶಾಸನವೇ. ಎಂಜಿನ್ನನ್ನು ಕರಗಿಸಿದವನು ಶಾಸನದ ಅರ್ಧವನ್ನು ಒಡೆದು ಮೆಟ್ಟಿಲಿಗೆ ಹಾಕಿದಂತೆ. ಅಂದು ಬೇರೆ ದಾರಿಯಿರಲಿಲ್ಲ, ಹಾಗಾಗಿ ಅವರನ್ನು ದೂರಲಾರೆ. ಇಂದು ದಾರಿಯುಂಟು. ಬಿಡಿಭಾಗಗಳ ಆಮದಿಗೆ ಅಂದಿನಂಥ ತಡೆಯಿಲ್ಲ. ಹೆರಾಲ್ಡಿನ ಎಂಜಿನ್ನಿನ ಕುಲ 1953ರಿಂದ 1980ರವರೆಗೆ, 803 ಸಿ.ಸಿ.ಯಿಂದ 1493 ಸಿ.ಸಿ.ವರೆಗೆ ಬೆಳೆದದ್ದು. ಸ್ಪಿಟ್‌ಫೈರ್ ಪ್ರಿಯರ ದೆಸೆಯಿಂದ ಅದರ ಪಿಸ್ಟನ್ನು, ಬೇರಿಂಗು, ಗ್ಯಾಸ್ಕೆಟ್ಟುಗಳನ್ನು ಇಂಗ್ಲೆಂಡಿನಲ್ಲಿ ಈಗಲೂ ತಯಾರಿಸುತ್ತಾರೆ. ಡೀಸೆಲ್ ಅಗ್ಗವೆಂಬ ಹಳೆಯ ಕಾರಣವೂ, 2014ರ ಅಕ್ಟೋಬರಿನಲ್ಲಿ ಅದರ ಬೆಲೆ ನಿಯಂತ್ರಣ ತೆರವಾದ ಮೇಲೆ, ಬಹಳ ಸೊರಗಿದೆ.

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು, ತಯಾರಕರು ಕೊಟ್ಟ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನವನ್ನು ಮಾರ್ಪಡಿಸಬಾರದೆನ್ನುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಈ ಕಲಮನ್ನು ಬಿಗಿಯಾಗಿಯೇ ಅರ್ಥೈಸಿತು. ಸವೆದುದರ ಜಾಗಕ್ಕೆ ಅದೇ ಮಾದರಿಯ ಎಂಜಿನ್ ತಂದು ಸಾರಿಗೆ ಕಚೇರಿಯಲ್ಲಿ ನಮೂದಿಸಿಕೊಳ್ಳುವುದು ಬೇರೆ, ಬೇರೊಂದು ಕಂಪನಿಯ ಎಂಜಿನ್ ಕೂರಿಸುವುದು ಬೇರೆ. ಅಪಘಾತವಾದಾಗ ವಿಮೆಯವರು ಮೊದಲು ನೋಡುವುದೂ ಆ ಸಂಖ್ಯೆಗಳನ್ನೇ.

ಇದಕ್ಕಿಂತ ಮುಖ್ಯವಾದದ್ದು 2021ರ ಜುಲೈಯಲ್ಲಿ ಕೇಂದ್ರ ಸರಕಾರ ಹೊರಡಿಸಿದ ನಿಯಮ. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಸ್ವಂತ ಬಳಕೆಯ ದ್ವಿಚಕ್ರ, ಚತುಶ್ಚಕ್ರ ವಾಹನಗಳಿಗೆ ವಿಂಟೇಜ್ ಎಂಬ ಪ್ರತ್ಯೇಕ ನೋಂದಣಿ ದೊರೆಯುತ್ತದೆ. ಫಲಕದಲ್ಲಿ ರಾಜ್ಯದ ಅಕ್ಷರಗಳ ಮುಂದೆ 'ವಿ.ಎ.' ಎಂದು ಬರುತ್ತದೆ. ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ, ನವೀಕರಣಕ್ಕೆ 5,000. ಅಂಥ ಗಾಡಿಯನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿ ಮೊದಲಾದ ಕಾರಣಗಳಿಗಷ್ಟೇ ಹೊರಡಿಸಬಹುದು. ಷರತ್ತು ಇಷ್ಟು: ವಾಹನ ಮೂಲರೂಪದಲ್ಲಿರಬೇಕು. ಚಾಸಿಯಲ್ಲಾಗಲಿ, ಬಾಡಿಯಲ್ಲಾಗಲಿ, ಎಂಜಿನ್ನಿನಲ್ಲಾಗಲಿ ಗಣನೀಯ ಮಾರ್ಪಾಡು ಆಗಿರಬಾರದು. ನಮ್ಮಲ್ಲಿ ತಯಾರಾದ ಹೆರಾಲ್ಡುಗಳೆಲ್ಲ ಈಗ ಆ ವಯಸ್ಸನ್ನು ದಾಟಿವೆ.

ಹಾಗಾಗಿ ಅವನಿಗೆ ನಾನು ಹೇಳಿದ್ದು ಇಷ್ಟು. ಮೊದಲು ಎಂಜಿನ್ನಿನ ಮೇಲಿನ ಸಂಖ್ಯೆಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಒರೆಸಿ ಓದಿ, ತಂದೆಯವರ ಆರ್.ಸಿ. ಪುಸ್ತಕದೊಂದಿಗೆ ತಾಳೆ ನೋಡು. ಎರಡೂ ಒಂದೇ ಆಗಿದ್ದರೆ, ಹಿಡಿದುಹೋದ ಎಂಜಿನ್ನಾದರೂ ಸರಿ, ಬಿಚ್ಚಿಸಿ ಬೋರ್ ಅಳತೆ ಮಾಡಿಸು. ಸಿಲಿಂಡರಿಗೆ ಸ್ಲೀವ್ ಹಾಕಿ, ಕ್ರ್ಯಾಂಕನ್ನು ಗ್ರೈಂಡ್ ಮಾಡಬಲ್ಲ ಲೇತ್ ಅಂಗಡಿಗಳು ಬಳ್ಳಾರಿಯಲ್ಲಿವೆ. ಅದಕ್ಕೆ ತಗಲುವ ವೆಚ್ಚವನ್ನು ಜಿಪ್ಸಿ ಎಂಜಿನ್, ತಟ್ಟೆ, ತಂತಿ, ಪಂಪು, ಬ್ರೇಕುಗಳ ವೆಚ್ಚದ ಪಕ್ಕದಲ್ಲಿ ಬರೆದಿಟ್ಟು ನೋಡು. ಬೇರೆ ಎಂಜಿನ್ನೇ ಬೇಕೆಂದು ಹಟವಿದ್ದರೆ ಈಗಾಗಲೇ ಸಂಖ್ಯೆ ಕಳೆದುಕೊಂಡು ನಿಂತಿರುವ ಗಾಡಿಯೊಂದನ್ನು ಹುಡುಕಿಕೋ, ಅಂಥವು ನಮ್ಮ ಸೀಮೆಯಲ್ಲಿ ಬೇಕಾದಷ್ಟಿವೆ. ಸಂಖ್ಯೆ ತಾಳೆಯಾಯಿತೆಂದು ಮೊನ್ನೆ ಛಾಯಾಚಿತ್ರ ಕಳಿಸಿದ್ದಾನೆ. ಎಂಜಿನ್ ಬಿಚ್ಚುವ ದಿನ ಇನ್ನೂ ನಿಶ್ಚಯವಾಗಿಲ್ಲ.